ಮಳೆಗಾಲದ ತುರಿಕೆ ಮತ್ತು ಮದ್ದಿಗೆ ಬಗ್ಗದ ಯೀಸ್ಟ್

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಹೆತ್ತೂರು, ಹಾನುಬಾಳು ಕಡೆಯ ಮನೆಗಳಲ್ಲಿ ಬಟ್ಟೆ ಒಣಗುವುದು ಬಿಸಿಲಿನಲ್ಲಿ ಅಲ್ಲ, ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಆಲೂರು ತಾಲ್ಲೂಕಿನ ಪಾಳ್ಯದ ಸುತ್ತಮುತ್ತ ಮಳೆ ಸ್ವಲ್ಪ ಕಡಿಮೆಯಾದರೂ ನಾಟಿಯ ದಿನಗಳಲ್ಲಿ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೆಸರುಗದ್ದೆಯಲ್ಲಿಯೇ ನಿಂತಿರುತ್ತಾರೆ. ಕಂಬಳಿ ಕೊಪ್ಪೆ ತಲೆಯನ್ನೂ ಬೆನ್ನನ್ನೂ ಕಾಯುತ್ತದೆಯೇ ಹೊರತು ಸೊಂಟದಿಂದ ಕೆಳಗೆ ಉಟ್ಟದ್ದೆಲ್ಲ ತೊಯ್ದೇ ಇರುತ್ತದೆ. ಈ ತಿಂಗಳುಗಳಲ್ಲಿ ಬೆರಳಸಂದಿಯ ಕೆಸರುಹುಣ್ಣು, ತೊಡೆಸಂದಿಯ ತುರಿಕೆ, ಮತ್ತು ಹೆಂಗಸರು ಯಾರಲ್ಲಿಯೂ ಹೇಳಿಕೊಳ್ಳಲಾರದ ಗುಪ್ತಾಂಗದ ತುರಿಕೆ ಇವು ಮನೆಮನೆಯ ಮಾತಾಗುತ್ತವೆ. ಮಾತಾಗುತ್ತವೆ ಎಂದೆವು, ನಿಜವಾಗಿ ಹೇಳುವುದಾದರೆ ಮೊದಲಿನ ಎರಡು ಮಾತಾಗುತ್ತವೆ, ಮೂರನೆಯದು ಮೌನದಲ್ಲಿಯೇ ಉಳಿಯುತ್ತದೆ.

ಈ ಪಾಠವು ಆ ಮೂರನೆಯದನ್ನು ಕುರಿತದ್ದು. ಗಂಡಹೆಂಡಿರು ಇಬ್ಬರೂ ಇದನ್ನು ಓದಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ವಿಶೇಷವಾಗಿ, ಹಿಂದೆ ಒಂದು ಮಾತ್ರೆಗೆ ಅಥವಾ ಒಂದು ಮುಲಾಮಿಗೆ ಶಮನವಾಗುತ್ತಿದ್ದ ತುರಿಕೆ ಈಗ ಏಕೆ ಶಮನವಾಗುತ್ತಿಲ್ಲ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅದಕ್ಕೆ ಉತ್ತರವು ಕಣ್ಣಿಗೆ ಕಾಣದ ಒಂದು ಜೀವಿಯ ವಂಶವಾಹಿಗಳಲ್ಲಿದೆ.

ಯೀಸ್ಟ್ ಎಂದರೇನು?

ಯೀಸ್ಟ್ ಎಂಬುದು ಒಂದೇ ಜೀವಕೋಶದ ಶಿಲೀಂಧ್ರ. ಬೂಷ್ಟಿನ ಜಾತಿಗೆ ಸೇರಿದ್ದು. ಹೆಂಡವನ್ನು ಹುಳಿಯೇರಿಸುವುದು, ಬೇಕರಿಯ ಬ್ರೆಡ್ಡನ್ನು ಉಬ್ಬಿಸುವುದು ಈ ಕುಲದ ಉಪಕಾರಿ ಸದಸ್ಯರು. ರೋಗವನ್ನುಂಟುಮಾಡುವ ಯೀಸ್ಟುಗಳಲ್ಲಿ ಮುಖ್ಯವಾದುದು ಕ್ಯಾಂಡಿಡಾ. ಅದರಲ್ಲಿಯೂ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬುದು ಅನೇಕ ಆರೋಗ್ಯವಂತರ ಬಾಯಿಯಲ್ಲಿ, ಕರುಳಿನಲ್ಲಿ ಮತ್ತು ಹೆಂಗಸರ ಯೋನಿಯಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಅಲ್ಲಿರುವ ಬೇರೆ ಒಳ್ಳೆಯ ಬ್ಯಾಕ್ಟೀರಿಯಗಳು ಅದನ್ನು ಹದ್ದಿನಲ್ಲಿಟ್ಟಿರುತ್ತವೆ. ಗರ್ಭಧಾರಣೆ, ಸಕ್ಕರೆ ಕಾಯಿಲೆ, ಬೇರೆ ಕಾಯಿಲೆಗಾಗಿ ತೆಗೆದುಕೊಂಡ ಆಂಟಿಬಯಾಟಿಕ್ ಔಷಧಿ ಮುಂತಾದವುಗಳಿಂದ ಈ ಸಮತೋಲ ತಪ್ಪಿದಾಗ ಯೀಸ್ಟ್ ಮಿತಿಮೀರಿ ಬೆಳೆಯುತ್ತದೆ. ಒದ್ದೆಯಾದ, ಗಾಳಿಯಾಡದ ಉಡುಪು ಅದಕ್ಕೆ ಮತ್ತಷ್ಟು ಅನುಕೂಲ. ಆಗ ಒಡೆದ ಹಾಲಿನ ಗಷ್ಟಿನಂತಹ ಬಿಳುಪು, ತುರಿಕೆ, ಉರಿ ಕಾಣಿಸಿಕೊಳ್ಳುತ್ತವೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ.

ಆದುದರಿಂದ ಗಂಡಂದಿರು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಯಬೇಕು. ಇದು ನಡತೆಯಿಂದ ಬಂದ ಕಾಯಿಲೆಯಲ್ಲ. ಯೀಸ್ಟ್ ಅವಳ ದೇಹದಲ್ಲಿ ಮೊದಲೇ ಇದ್ದುದು. ಹೆಂಡತಿಗೆ ತುರಿಕೆ ಬಂದಿತೆಂದು ಸಂಶಯಪಡುವುದು, ಮನೆಯಲ್ಲಿ ಜಗಳವಾಡುವುದು, ಅವಳನ್ನು ತೌರಿಗೆ ಕಳುಹಿಸುವುದು ಅಜ್ಞಾನದ ಫಲ. ಈ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ವೈದ್ಯರ ಬಳಿಗೆ ಹೋಗದೆ, ನೆರೆಯವರು ಕೊಟ್ಟ ಅರ್ಧ ಟ್ಯೂಬು ಮುಲಾಮಿನಲ್ಲಿ ಕಾಲ ಕಳೆಯುತ್ತಾರೆ. ಮದ್ದಿಗೆ ಬಗ್ಗದ ಯೀಸ್ಟ್ ತಲೆಯೆತ್ತುವುದು ಇಂತಹ ಅರೆಬರೆ ಚಿಕಿತ್ಸೆಯಲ್ಲಿಯೇ.

ತುಕ್ಕುರೋಗ ಕಲಿಸಿದ ಪಾಠ

ವಂಶವಾಹಿ ಎಂಬ ಮಾತು ನಿಮಗೆ ಹೊಸದಾಗಿ ತೋರಬಹುದು. ಆದರೆ ಕಾಫಿ ಸೀಮೆಯವರು ಈ ವಿಷಯವನ್ನು ಬೇರೊಂದು ರೂಪದಲ್ಲಿ ಅನುಭವಿಸಿಯೇ ಬಲ್ಲರು. ಶಿಲೀಂಧ್ರಗಳ ವಿಷಯದಲ್ಲಂತೂ ನಮ್ಮ ನಾಡು ಲೋಕಕ್ಕೆ ಒಂದು ಪದವನ್ನೇ ಕೊಟ್ಟಿದೆ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ಅವರು ಮೈಸೂರು ಸೀಮೆಯ ಕಾಫಿ ಎಲೆಯನ್ನು ಕೊಳೆಸುವ ಬೂಷ್ಟಿಗೆ ಹೆಸರಿಡುವಾಗ ನಮ್ಮ 'ಕೊಳೆರೋಗ' ಎಂಬ ಶಬ್ದವನ್ನೇ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು.

ಕೊಳೆರೋಗಕ್ಕಿಂತ ತುಕ್ಕುರೋಗದ ಕಥೆ ಇಲ್ಲಿ ಹೆಚ್ಚು ಪ್ರಸ್ತುತ. 1911ರ ಸುಮಾರಿಗೆ ಮೈಸೂರು ಸೀಮೆಯ ತೋಟಗಾರ ಕೆಂಟ್ ಎಂಬವರು ತಮ್ಮ ತೋಟದಲ್ಲಿ ತುಕ್ಕು ಹಿಡಿಯದ ಗಿಡವೊಂದನ್ನು ಕಂಡು ಅದರ ಬೀಜದಿಂದ ತಳಿಯೆಬ್ಬಿಸಿದರು. ಕೆಂಟ್ಸ್ ತಳಿ ಎಲ್ಲೆಡೆ ಹರಡಿತು. ಕೆಲವು ವರ್ಷಗಳ ನಂತರ ಅದಕ್ಕೂ ತುಕ್ಕು ಬಂದಿತು. ಗಿಡ ಬದಲಾಗಿರಲಿಲ್ಲ. ಹಾಗಾದರೆ ಬದಲಾದುದು ಏನು? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ಮೇಯ್ನ್ ಅವರು 1932ರಲ್ಲಿ ಇದಕ್ಕೆ ಉತ್ತರ ತೋರಿಸಿದರು. ತುಕ್ಕಿನ ಬೂಷ್ಟು ಒಂದೇ ಬಗೆಯದಲ್ಲ. ನೋಡಲು ಒಂದೇ ಆದರೂ ಅದರಲ್ಲಿ ಬೇರೆ ಬೇರೆ ವಂಶಗಳಿವೆ. ಒಂದು ವಂಶ ಕೆಂಟ್ಸ್ ಗಿಡದಲ್ಲಿ ಬೆಳೆಯಲಾರದು, ಇನ್ನೊಂದು ಬೆಳೆಯಬಲ್ಲುದು. ಸೀಮೆಯ ತುಂಬ ಕೆಂಟ್ಸ್ ನೆಟ್ಟಾಗ ಮೊದಲನೆಯ ವಂಶಕ್ಕೆ ಅನ್ನವಿಲ್ಲದೆ ಹೋಯಿತು, ಎರಡನೆಯದಕ್ಕೆ ಹಬ್ಬವಾಯಿತು. ಆ ಬಳಿಕ ಕೆಂಟ್ಸ್ ತಳಿಯನ್ನು ಇನ್ನೊಂದರೊಡನೆ ಕೂಡಿಸಿ ಬಾಳೆಹೊನ್ನೂರಿನಲ್ಲಿಯೇ ಸಿದ್ಧಪಡಿಸಿದ, ನಿಮ್ಮಲ್ಲಿ ಅನೇಕರ ತೋಟದಲ್ಲಿರುವ ಎಸ್. 795 ತಳಿಗೂ ಕಾಲಕ್ರಮದಲ್ಲಿ ತುಕ್ಕು ತಗುಲಿತು.

ಕೆಂಟ್ಸ್ ಗಿಡದ ಜಾಗದಲ್ಲಿ ಫ್ಲುಕೋನಜೋಲ್ ಎಂಬ ಮಾತ್ರೆಯನ್ನು ಇರಿಸಿ ನೋಡಿ. ತುಕ್ಕಿನ ಜಾಗದಲ್ಲಿ ಕ್ಯಾಂಡಿಡಾವನ್ನು ಇರಿಸಿ. ಮಾತ್ರೆ ಬದಲಾಗಿಲ್ಲ, ಅಂಗಡಿಯವನು ಮೋಸ ಮಾಡಿದನೆಂದು ಭಾವಿಸಬೇಕಾಗಿಲ್ಲ. ನಿಮ್ಮ ದೇಹವು ಔಷಧಿಗೆ 'ಒಗ್ಗಿಹೋಗಿದೆ' ಎಂಬ ಮಾತೂ ಸರಿಯಲ್ಲ. ಬದಲಾಗಿರುವುದು ಯೀಸ್ಟಿನ ವಂಶ.

ಮದ್ದು ಕೆಲಸ ಮಾಡುವ ಬಗೆ

ನಮ್ಮ ಜೀವಕೋಶಗಳ ಪೊರೆಯಲ್ಲಿ ಕೊಲೆಸ್ಟೆರಾಲ್ ಎಂಬ ಜಿಡ್ಡಿನ ಪದಾರ್ಥವಿದೆ. ಯೀಸ್ಟಿನ ಪೊರೆಯಲ್ಲಿ ಅದರ ಬದಲು ಎರ್ಗೋಸ್ಟೆರಾಲ್ ಎಂಬುದಿದೆ. ಈ ಒಂದು ವ್ಯತ್ಯಾಸದಿಂದಲೇ ನಮಗೆ ಹೆಚ್ಚು ಹಾನಿಯಾಗದಂತೆ ಯೀಸ್ಟನ್ನು ಮಣಿಸಲು ಸಾಧ್ಯವಾಗಿದೆ. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಲೋಕಕ್ಕೆ ತಿಳಿಸಿದ ನಿಸ್ಟಾಟಿನ್ ಔಷಧಿಯು ಎರ್ಗೋಸ್ಟೆರಾಲಿಗೆ ಅಂಟಿಕೊಂಡು ಪೊರೆಯನ್ನು ತೂತುಮಾಡುತ್ತದೆ. ಕ್ಲೋಟ್ರಿಮಜೋಲ್, ಫ್ಲುಕೋನಜೋಲ್ ಮುಂತಾದ 'ಅಜೋಲ್' ಗುಂಪಿನ ಔಷಧಿಗಳ ದಾರಿ ಬೇರೆ. ಅವು ಎರ್ಗೋಸ್ಟೆರಾಲನ್ನು ತಯಾರಿಸುವ ಒಂದು ಕಿಣ್ವದ ಬಾಯಿಗೆ ಬೀಗ ಹಾಕುತ್ತವೆ. ಪೊರೆ ಕಟ್ಟಲು ಸಾಮಗ್ರಿಯಿಲ್ಲದೆ ಯೀಸ್ಟಿನ ಬೆಳವಣಿಗೆ ನಿಲ್ಲುತ್ತದೆ.

ನಿಲ್ಲುತ್ತದೆ ಎಂಬ ಮಾತನ್ನು ಗಮನಿಸಿ. ಕ್ಯಾಂಡಿಡಾದ ಮೇಲೆ ಅಜೋಲ್ ಔಷಧಿಗಳು ಬಹುಮಟ್ಟಿಗೆ ಬೆಳವಣಿಗೆಯನ್ನು ತಡೆಯುತ್ತವೆಯೇ ಹೊರತು ತಕ್ಷಣ ಕೊಲ್ಲುವುದಿಲ್ಲ. ಉಳಿದ ಕೆಲಸವನ್ನು ದೇಹದ ರಕ್ಷಣಾ ಶಕ್ತಿ ಮಾಡಬೇಕು. ಅದಕ್ಕೆ ಕಾಲಾವಕಾಶ ಬೇಕು. ತುರಿಕೆ ನಿಂತ ದಿನವೇ ಯೀಸ್ಟ್ ನಾಶವಾಯಿತೆಂದು ತಿಳಿಯುವುದು ತಪ್ಪು.

ಬಗ್ಗದಂತೆ ಆಗುವ ಬಗೆ

ಆ ಕಿಣ್ವವನ್ನು ಹೇಗೆ ಕಟ್ಟಬೇಕೆಂಬ ಬರಹವು ಯೀಸ್ಟಿನ ಒಂದು ವಂಶವಾಹಿಯಲ್ಲಿದೆ. ವಿಜ್ಞಾನಿಗಳು ಅದಕ್ಕೆ ಇಆರ್‌ಜಿ-11 ಎಂದು ಹೆಸರಿಟ್ಟಿದ್ದಾರೆ. ಕ್ಯಾಂಡಿಡಾ ಆಲ್ಬಿಕನ್ಸಿನಲ್ಲಿ ಇಂತಹ ಸುಮಾರು 6,000 ವಂಶವಾಹಿಗಳು 8 ಜೊತೆ ವರ್ಣತಂತುಗಳ ಮೇಲೆ ಹರಡಿಕೊಂಡಿವೆ. ಕಿಣ್ವವನ್ನು 528 ಮಣಿಗಳ ಒಂದು ಸರವೆಂದು ಭಾವಿಸಿರಿ. ಸರವು ಸುತ್ತಿಕೊಂಡು ಬೀಗದ ಆಕಾರ ತಳೆಯುತ್ತದೆ. ಔಷಧಿಯು ಅದರೊಳಗೆ ಕೀಲಿಯಂತೆ ಕೂಡುತ್ತದೆ. ಬರಹದಲ್ಲಿ ಒಂದಕ್ಷರ ತಪ್ಪಿ 132ನೆಯ ಮಣಿಯ ಜಾಗದಲ್ಲಿ ಬೇರೆ ಮಣಿ ಬಂದರೆ ಬೀಗದ ಬಾಯಿ ಕೊಂಚ ಓರೆಯಾಗುತ್ತದೆ. ಕಿಣ್ವವು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ, ಆದರೆ ಔಷಧಿ ಮಾತ್ರ ಸರಿಯಾಗಿ ಕೂಡದು. ಇಂತಹ ತಪ್ಪಕ್ಷರವನ್ನು ಉತ್ಪರಿವರ್ತನೆ ಎನ್ನುತ್ತಾರೆ.

ಈ ತಪ್ಪು ಔಷಧಿಯಿಂದ ಹುಟ್ಟುವುದಲ್ಲ. ಯೀಸ್ಟ್ ಮೊಗ್ಗೊಡೆದು ಎರಡಾಗುವಾಗ ಬರಹವನ್ನು ನಕಲು ಮಾಡಬೇಕಾಗುತ್ತದೆ. ನಕಲಿನಲ್ಲಿ ಅತಿ ವಿರಳವಾಗಿ ಕೈತಪ್ಪು ಆಗುತ್ತದೆ. ಅನುಕೂಲವಿದ್ದಲ್ಲಿ ಯೀಸ್ಟ್ ಸುಮಾರು ಎರಡು ಗಂಟೆಗೊಮ್ಮೆ ಇಮ್ಮಡಿಸುವುದರಿಂದ ಒಂದು ಕೋಶ ಒಂದು ದಿನದಲ್ಲಿ 4,096 ಆಗಬಲ್ಲುದು. ಸೋಂಕಿನ ಜಾಗದಲ್ಲಿ ಕೋಟಿಗಟ್ಟಲೆ ಕೋಶಗಳು ಇರುವಾಗ ಎಲ್ಲೋ ಒಂದರಲ್ಲಿ ಬೇಕಾದ ತಪ್ಪು ಆಗಿಯೇ ಇರುವ ಸಂಭವವುಂಟು. ಮದ್ದಿಲ್ಲದಾಗ ಅದಕ್ಕೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ಮದ್ದು ಬಂದಾಗ ಮಾತ್ರ ಉಳಿದವು ಕುಗ್ಗಿ, ಅದರ ಸಂತತಿಗೆ ಜಾಗ ತೆರವಾಗುತ್ತದೆ. ಪೈರಿನ ನಡುವೆ ಇರುವ ಒಂದು ಕಳೆಯನ್ನು ಬಿಟ್ಟು ಪೈರನ್ನೆಲ್ಲ ಕಿತ್ತಂತೆ.

ಎರಡನೆಯ ಉಪಾಯ ಪಂಪಿನದು. ಗದ್ದೆಗೆ ನುಗ್ಗಿದ ನೀರನ್ನು ಪಂಪುಸೆಟ್ಟಿನಿಂದ ಹೊರಗೆ ಎತ್ತಿ ಹಾಕುವಂತೆ, ಯೀಸ್ಟಿನ ಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಒಳಬಂದ ಔಷಧಿಯನ್ನು ಹೊರಗೆ ದೂಡುತ್ತವೆ. ಸಾಮಾನ್ಯವಾಗಿ ಇವು ಮೆಲ್ಲಗೆ ನಡೆಯುತ್ತಿರುತ್ತವೆ. ಅವುಗಳನ್ನು ಹತೋಟಿಯಲ್ಲಿಡುವ ವಂಶವಾಹಿಯಲ್ಲಿ ತಪ್ಪು ಬಂದರೆ ಪಂಪು ಹಗಲಿರುಳು ಓಡುತ್ತದೆ. ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಇನ್ನೊಂದು ಜಾತಿಯು ಹೆಚ್ಚಾಗಿ ಅವಲಂಬಿಸುವುದು ಇದನ್ನೇ. ಆ ಜಾತಿಯಲ್ಲಿ ವರ್ಣತಂತುಗಳು ಜೊತೆಯಾಗಿಲ್ಲ, ಒಂಟಿಯಾಗಿವೆ. ಆದುದರಿಂದ ಒಂದು ತಪ್ಪಕ್ಷರದ ಪರಿಣಾಮ ಕೂಡಲೇ ಹೊರಬೀಳುತ್ತದೆ. ಆಲ್ಬಿಕನ್ಸಿನಲ್ಲಿ ಎರಡು ಪ್ರತಿಗಳು. ಒಂದು ಕೆಟ್ಟರೂ ಇನ್ನೊಂದು ಸರಿಯಿರುತ್ತದೆ. ಆದರೆ ಮುಂದೊಮ್ಮೆ ಸರಿಯಾದ ಪ್ರತಿ ಕಳೆದುಹೋಗಿ ತಪ್ಪು ಪ್ರತಿಯಿಂದಲೇ ಎರಡನ್ನೂ ಬರೆದುಕೊಂಡರೆ ಅಂತಹ ಕೋಶವು ಔಷಧಿಗೆ ಇನ್ನೂ ಗಟ್ಟಿಯಾಗುತ್ತದೆ. ತಾಲ್ಲೂಕು ಕಚೇರಿಯ ದಾಖಲೆಯಲ್ಲಿ ಇಂತಹ ತಪ್ಪು ನಕಲಿನ ಅನುಭವ ಇರುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮೂರನೆಯದು ಬಹಳ ಸ್ವಾರಸ್ಯವಾದದ್ದು. 2006ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಔಷಧಿಗೆ ಬಗ್ಗದ ಕೆಲವು ಆಲ್ಬಿಕನ್ಸ್ ಕೋಶಗಳಲ್ಲಿ ಐದನೆಯ ವರ್ಣತಂತುವಿನ ಒಂದು ತೋಳು ಹೆಚ್ಚಾಗಿ ಸೇರಿಕೊಂಡಿರುವುದನ್ನು ತೋರಿಸಿದರು. ಆ ತೋಳಿನ ಮೇಲೆಯೇ ಬೀಗದ ಕಿಣ್ವದ ವಂಶವಾಹಿಯೂ ಇದೆ, ಪಂಪನ್ನು ನಡೆಸುವ ವಂಶವಾಹಿಯೂ ಇದೆ. ಎರಡೂ ಒಟ್ಟಿಗೆ ಹೆಚ್ಚಾದವು. ಔಷಧಿ ಇಲ್ಲದಿರುವಾಗ ಈ ಹೆಚ್ಚುವರಿ ತೋಳನ್ನು ಕೆಲವು ಕೋಶಗಳು ಕಳೆದುಕೊಳ್ಳುವುದೂ ಕಂಡುಬಂದಿತು. ಅಂದರೆ ಬೇಡದೆಡೆ ಔಷಧಿಯನ್ನು ಬಳಸದಿರುವುದರಿಂದ ಫಲವುಂಟು.

ಇವೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ. ಒಬ್ಬ ಏಡ್ಸ್ ರೋಗಿಯ ಬಾಯಿಯಿಂದ ಎರಡು ವರ್ಷಗಳ ಅವಧಿಯಲ್ಲಿ ಸಂಗ್ರಹಿಸಿದ 17 ಮಾದರಿಗಳ ಪರೀಕ್ಷೆಯ ವಿವರ 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪ್ರತಿ ಸಲವೂ ಬಾಯಿಹುಣ್ಣಿಗೆ ಫ್ಲುಕೋನಜೋಲ್ ಕೊಟ್ಟಿದ್ದರು. ಪ್ರಮಾಣವನ್ನು ಹೆಚ್ಚಿಸುತ್ತ ಹೋಗಬೇಕಾಯಿತು. ಮೊದಲು ಒಂದು ಬಗೆಯ ಪಂಪು ಚುರುಕಾಯಿತು, ಅನಂತರ ಕಿಣ್ವದಲ್ಲಿ ಮಣಿ ಬದಲಾಯಿತು, ಕೊನೆಗೆ ಇನ್ನೊಂದು ಬಗೆಯ ಪಂಪೂ ಸೇರಿಕೊಂಡಿತು. ಒಂದರ ಮೇಲೊಂದು ಕಲ್ಲಿಟ್ಟು ಗೋಡೆ ಎಬ್ಬಿಸಿದಂತೆ ಆ ಯೀಸ್ಟ್ ಬಲಗೊಂಡಿತು.

ಆಸ್ಪತ್ರೆಯ ಯೀಸ್ಟ್

ಇವುಗಳಿಗೆ ಸೇರಿದ ಇನ್ನೊಂದು ಜಾತಿಯ ಹೆಸರನ್ನು ನೀವು ಪತ್ರಿಕೆಗಳಲ್ಲಿ ಕಂಡಿರಬಹುದು: ಕ್ಯಾಂಡಿಡಾ ಆರಿಸ್. 2009ರಲ್ಲಿ ಜಪಾನಿನ ವೃದ್ಧೆಯೊಬ್ಬರ ಕಿವಿಯಿಂದ ಮೊದಲು ಗುರುತಿಸಲ್ಪಟ್ಟುದರಿಂದ ಈ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆರಿಸ್ ಎಂದರೆ ಕಿವಿ. 2013ರಲ್ಲಿ ದೆಹಲಿಯ ಎರಡು ಆಸ್ಪತ್ರೆಗಳ 12 ರೋಗಿಗಳಲ್ಲಿ ಇದು ಕಂಡ ವರದಿ ಪ್ರಕಟವಾಯಿತು. ಆ ಬಳಿಕ ನಮ್ಮ ದೇಶದ 27 ತೀವ್ರ ನಿಗಾ ಘಟಕಗಳ ಅಧ್ಯಯನದಲ್ಲಿ 19ರಲ್ಲಿ ಇದು ದೊರೆಯಿತು. ಇದರ ಬಹುಪಾಲು ತಳಿಗಳಿಗೆ ಫ್ಲುಕೋನಜೋಲ್ ನಾಟುವುದಿಲ್ಲ. ಭಾರತದ ತಳಿಗಳಲ್ಲಿ ಮೇಲೆ ಹೇಳಿದ 132ನೆಯ ಮಣಿಯ ಬದಲಾವಣೆಯೇ ಅನೇಕ ವೇಳೆ ಕಾಣುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಂತ ಅಪಾಯಕಾರಿ ಶಿಲೀಂಧ್ರಗಳ ಮೇಲ್ವರ್ಗದಲ್ಲಿ ಆರಿಸನ್ನೂ ಆಲ್ಬಿಕನ್ಸನ್ನೂ ಸೇರಿಸಿತು. ಆರಿಸ್ ಮುಖ್ಯವಾಗಿ ಆಸ್ಪತ್ರೆಯಲ್ಲಿ ಬಹುದಿನ ಮಲಗಿದ ರೋಗಿಗಳ ರಕ್ತಕ್ಕೆ ಸೇರುವಂಥದ್ದು. ಮಳೆಗಾಲದ ತುರಿಕೆಗೆ ಹೆದರಿ ಅದರ ಹೆಸರು ಹೇಳಬೇಕಾಗಿಲ್ಲ. ಬಂಧುಗಳನ್ನು ನೋಡಲು ದೊಡ್ಡಾಸ್ಪತ್ರೆಗೆ ಹೋದಾಗ ಕೈ ತೊಳೆದು ಒಳಹೋಗಿ, ಕೈ ತೊಳೆದು ಹೊರಬನ್ನಿ.

ತೋಟದ ಸಿಂಪಡಣೆಯ ವಿಷಯ

ಇಲ್ಲಿ ಕಾಫಿ ಸೀಮೆಯವರಿಗೆ ಒಂದು ವಿಶೇಷ ಮಾತಿದೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ನೂರು ವರ್ಷಕ್ಕೂ ಮೀರಿ ಬಳಸುತ್ತಿದ್ದರೂ ಅದು ಇಂದಿಗೂ ನಾಟುತ್ತದೆ. ಕಾರಣ, ತಾಮ್ರವು ಬೂಷ್ಟಿನ ದೇಹದ ಅನೇಕ ಕಡೆ ಒಟ್ಟಿಗೆ ಪೆಟ್ಟು ಹಾಕುತ್ತದೆ. ಒಂದು ತಪ್ಪಕ್ಷರದಿಂದ ಎಲ್ಲವನ್ನೂ ತಪ್ಪಿಸಿಕೊಳ್ಳಲಾಗದು. ಅಜೋಲ್ ಔಷಧಿಗಳು ಒಂದೇ ಕಡೆ ಪೆಟ್ಟು ಹಾಕುವುದರಿಂದ ಒಂದು ಬದಲಾವಣೆಯೇ ಸಾಕಾಗುತ್ತದೆ. ತೋಟ, ಗದ್ದೆಗಳಿಗೆ ಬಳಸುವ ಹೆಕ್ಸಕೋನಜೋಲ್, ಪ್ರೊಪಿಕೋನಜೋಲ್ ಮುಂತಾದವು ಮನುಷ್ಯರ ಅಜೋಲ್ ಔಷಧಿಗಳ ದಾಯಾದಿಗಳು. ಶ್ವಾಸಕೋಶಕ್ಕೆ ತಗುಲುವ ಆಸ್ಪರ್ಜಿಲಸ್ ಎಂಬ ಬೂಷ್ಟಿನಲ್ಲಿ, ಹೊಲತೋಟಗಳ ಅಜೋಲ್ ಬಳಕೆಯಿಂದ ಬಲಗೊಂಡ ಬಗ್ಗದ ತಳಿಗಳು ಯೂರೋಪಿನಲ್ಲಿ ಕಂಡವು. ಭಾರತದ ಮಣ್ಣಿನಲ್ಲಿಯೂ ಇವೆಯೆಂದು 2012ರಲ್ಲಿ ವರದಿಯಾಯಿತು. ಡಬ್ಬದ ಮೇಲಿನ ಪ್ರಮಾಣವನ್ನು ಮೀರಿ, ಬೇಡದ ಕಾಲದಲ್ಲಿ ಇವುಗಳನ್ನು ಹೊಡೆಯಬೇಡಿ. ತೋಟದ ಯಾವ ಮದ್ದನ್ನೂ ಮೈಗೆ ಹಚ್ಚಲೇಬಾರದು. ಕೆಸರುಹುಣ್ಣಿಗೆ ಮೈಲುತುತ್ತ ಹಚ್ಚುವುದೂ ತರವಲ್ಲ.

ದಂಪತಿಗಳು ಮಾಡಬೇಕಾದುದು

ಬಿಳುಪು ಹೋಗುವುದೆಲ್ಲ ಯೀಸ್ಟಿನಿಂದಲ್ಲ. ಮುಟ್ಟಿನ ನಡುದಿನಗಳಲ್ಲಿ ನೀರಾದ, ವಾಸನೆಯಿಲ್ಲದ ಸ್ರಾವವು ಸಹಜ. ದುರ್ವಾಸನೆ, ಹಳದಿ ಹಸಿರು ಬಣ್ಣ, ಕಿಬ್ಬೊಟ್ಟೆಯ ನೋವು, ರಕ್ತ ಕಂಡರೆ ಅದು ಬೇರೆ ಕಾಯಿಲೆ. ಅದಕ್ಕೆ ಯೀಸ್ಟಿನ ಮದ್ದು ತೆಗೆದುಕೊಂಡರೆ ಕಾಯಿಲೆ ಗುಣವಾಗದು, ಯೀಸ್ಟಿಗೆ ಮಾತ್ರ ತರಬೇತಿಯಾದೀತು. ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಆರೋಗ್ಯ ಸಹಾಯಕಿಗೆ ತಿಳಿಸಿ. ನಾಚಿಕೆಯಾದರೆ ಗಂಡನೇ ಜೊತೆಗೆ ಹೋಗಲಿ.

ಸಾಮಾನ್ಯ ಸೋಂಕಿಗೆ 150 ಮಿಲಿಗ್ರಾಂ ಫ್ಲುಕೋನಜೋಲಿನ ಒಂದೇ ಮಾತ್ರೆ ಸಾಕಾಗುವುದುಂಟು. ಪದೇ ಪದೇ ಬರುವವರಿಗೆ ವೈದ್ಯರು ವಾರಕ್ಕೊಂದರಂತೆ ಆರು ತಿಂಗಳು ಕೊಡುವುದೂ ಉಂಟು. ಎಷ್ಟು, ಎಂದಿನವರೆಗೆ ಎಂಬುದನ್ನು ನಿರ್ಧರಿಸತಕ್ಕವರು ವೈದ್ಯರು. ಒಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆಯನ್ನು ಆರು ದಿನ ಎಂದಿದ್ದರೆ ಆರು ದಿನವೂ ಇಡಿ. ಮೂರನೆಯ ದಿನಕ್ಕೆ ಹಾಯೆನಿಸಿತೆಂದು ಉಳಿದ ಮೂರನ್ನು ಓರಗಿತ್ತಿಗೆ ಕೊಡಬೇಡಿ. ಇದರಿಂದ ಇಬ್ಬರಿಗೂ ಅರ್ಧ ಚಿಕಿತ್ಸೆಯಾಗುತ್ತದೆ.

ಗರ್ಭಿಣಿಯರು ನುಂಗುವ ಫ್ಲುಕೋನಜೋಲ್ ಮಾತ್ರೆಯನ್ನು ತಾವಾಗಿ ತೆಗೆದುಕೊಳ್ಳಲೇಬಾರದು. ಅವರಿಗೆ ಹಚ್ಚುವ ಅಥವಾ ಒಳಗಿಡುವ ಔಷಧಿಯನ್ನು ಏಳು ದಿನಗಳ ಕಾಲ ವೈದ್ಯರು ಸೂಚಿಸುತ್ತಾರೆ. ತಿಂಗಳು ತಪ್ಪಿದ್ದರೆ, ಇನ್ನೂ ಖಚಿತವಾಗಿಲ್ಲವಾದರೂ, ಅದನ್ನು ಮೊದಲು ಹೇಳಿ.

ನಿರೋಧ್ ಬಳಸುವ ದಂಪತಿಗಳು ತಿಳಿಯಬೇಕಾದ ಒಂದು ವಿಷಯ: ಯೋನಿಗೆ ಬಳಸುವ ಕೆಲವು ಮುಲಾಮು ಮತ್ತು ಮಾತ್ರೆಗಳಲ್ಲಿ ಎಣ್ಣೆಯ ಅಂಶವಿದ್ದು ಅದು ರಬ್ಬರನ್ನು ದುರ್ಬಲಗೊಳಿಸುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಅದನ್ನೇ ನಂಬಿಕೊಳ್ಳುವಂತಿಲ್ಲ. ಆ ದಿನಗಳಲ್ಲಿ ಸಂಯಮದಿಂದಿರುವುದು ಹೆಂಡತಿಯ ಉರಿಗೂ ಒಳಿತು. ಗಂಡನಿಗೆ ತುರಿಕೆ, ಕೆಂಪು ಕಾಣಿಸಿದರೆ ಮಾತ್ರ ಅವನಿಗೆ ಚಿಕಿತ್ಸೆ ಬೇಕು; ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಕಾಗಿಲ್ಲ.

ಅಂಗಡಿಯಲ್ಲಿ ಕೇಳಿ ತರುವ, ತಕ್ಷಣ ತಂಪೆನಿಸುವ ಮಿಶ್ರ ಮುಲಾಮುಗಳ ಬಗ್ಗೆ ಎಚ್ಚರವಿರಲಿ. ಅವುಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಅದು ಉರಿಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮದ ರಕ್ಷಣಾ ಶಕ್ತಿಯನ್ನೂ ಅಡಗಿಸುತ್ತದೆ. ಬೂಷ್ಟು ಕೆಳಗೆ ಬೆಳೆಯುತ್ತಲೇ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂತಹ ಮುಲಾಮುಗಳನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ತೊಡೆಸಂದಿಯ ಹುಳುಕಡ್ಡಿಯಲ್ಲಿಯೂ ಇದೇ ಬಗೆಯಲ್ಲಿ ಟರ್ಬಿನಾಫಿನ್ ಎಂಬ ಮದ್ದಿಗೆ ಬಗ್ಗದ ತಳಿಯೊಂದು ನಮ್ಮ ದೇಶದಲ್ಲಿ ಹಬ್ಬಿದೆ. ಅದಕ್ಕೆ ಕಾರಣವೂ ಒಂದು ಕಿಣ್ವದ ವಂಶವಾಹಿಯ ತಪ್ಪಕ್ಷರವೇ.

ವರ್ಷದಲ್ಲಿ ಮೂರು ಬಾರಿ ಅಥವಾ ಹೆಚ್ಚು ಬಾರಿ ತುರಿಕೆ ಮರುಕಳಿಸಿದರೆ ಅದೇ ಮಾತ್ರೆಯನ್ನು ನಾಲ್ಕನೆಯ ಸಲ ನುಂಗಬೇಡಿ. ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ, ಮತ್ತು ಸ್ರಾವದ ಪರೀಕ್ಷೆಗೆ ಒಪ್ಪಿಕೊಳ್ಳಿ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ವೈದ್ಯರನ್ನು ಕಂಡು ಕೇಳಬಹುದು. ಅಗತ್ಯವಿದ್ದರೆ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಹತ್ತಿಸುತ್ತಿದ ಕಡ್ಡಿಯಿಂದ ಸ್ವಲ್ಪ ಸ್ರಾವವನ್ನು ತೆಗೆಯುತ್ತಾರೆ, ನೋವಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ ಯೀಸ್ಟ್ ಇದೆಯೋ ಇಲ್ಲವೋ ಎಂಬುದನ್ನು ಅಂದೇ ಹೇಳಬಹುದು. ಅದು ಯಾವ ಜಾತಿ, ಯಾವ ಮದ್ದಿಗೆ ಬಗ್ಗುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಬೆಳೆಸಿ ನೋಡಬೇಕು. ಅದಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಆಲ್ಬಿಕನ್ಸ್ ಅಲ್ಲದೆ ಬೇರೆ ಜಾತಿ ಎಂದು ತಿಳಿದುಬಂದರೆ ವೈದ್ಯರು ನಿಸ್ಟಾಟಿನ್ ಮುಂತಾದ ಬೇರೆ ದಾರಿಯ ಔಷಧಿಗೆ ಬದಲಿಸಬಲ್ಲರು. ಮಾದರಿ ಕೊಡಲು ಹೋಗುವ ಮುಂಚಿನ ಕೆಲವು ದಿನ ಮುಲಾಮು, ಮಾತ್ರೆ ಯಾವುದನ್ನೂ ಬಳಸಬೇಡಿ. ಬಳಸಿದ್ದರೆ ಮುಚ್ಚಿಡದೆ ಹೇಳಿ. ಹಿಂದೆ ತೆಗೆದುಕೊಂಡ ಮದ್ದಿನ ಖಾಲಿ ಪಟ್ಟಿ, ಟ್ಯೂಬುಗಳನ್ನು ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಫಲಿತಾಂಶದ ಚೀಟಿಯನ್ನು ತಾಯಿ ಕಾರ್ಡಿನ ಜೊತೆಯಲ್ಲಿಯೇ, ಮಳೆನೀರು ತಾಗದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ. ಮುಂದಿನ ಮಳೆಗಾಲದಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.